ರಜೆಯಲ್ಲಿ ಓದಿದ ಪುಸ್ತಕಗಳು ಮತ್ತು ನಾನು ಹೇಳಿದ ಒಂದು ಸುಳ್ಳು



ಮೊದಲು ಒಂದು ತಪ್ಪೊಪ್ಪಿಗೆ. ಹಿಂದಿನ ವರ್ಷ ಸೋಲಾಪುರದಲ್ಲಿ ನಮ್ಮ ಜಿಲ್ಲೆಯ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ಮರಾಠಿ ಮಾಧ್ಯಮದ ಗುರುಗಳು. ನಾನು ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯವನು ಅಂತ ತಿಳಿದ ಕೂಡಲೇ ಅವರ ಮುಖ ಅರಳಿತು. "ನಿಮ್ಮ ಭೈರಪ್ಪನವರ ಪರ್ವ ಎರಡು ಸಲ ಓದಿದ್ದೇನೆ ಸರ್" ಅಂದರು. ವಂಶವೃಕ್ಷದ ಬಗ್ಗೆ ಹೇಳಿದರು. ಎಲ್ಲವೂ ಉಮಾ ಕುಲಕರ್ಣಿಯವರ ಮರಾಠಿ ಅನುವಾದದಲ್ಲಿ ಓದಿದ್ದು. ನಾನು ಹೆಮ್ಮೆಯಿಂದ ರೊಟ್ಟಿ ಮುರಿಯುತ್ತಾ ತಲೆಯಾಡಿಸುತ್ತಿದ್ದೆ. ಪರ್ವ ನಾನೇ ಬರೆದವನ ಹಾಗೆ!

ಆಮೇಲೆ ಅವರು ಕೇಳಿದರು: "ಲಿಂಬಾಳೆಯವರು ನಿಮ್ಮ ತಾಲ್ಲೂಕಿನವರೇ ಅಲ್ಲವೇ? ಅಕ್ಕರಮಾಶಿ ಓದಿರಬೇಕಲ್ಲ?"

"ಹೌದು ಹೌದು, ಓದೀನಲ್ಲ" ಅಂದುಬಿಟ್ಟೆ.

ಓದಿರಲಿಲ್ಲ. ಶರಣಕುಮಾರ ಲಿಂಬಾಳೆ ನಮ್ಮ ಅಕ್ಕಲಕೋಟ ತಾಲ್ಲೂಕಿನ ಹನ್ನೂರಿನಲ್ಲಿ ಹುಟ್ಟಿದವರು ಅನ್ನುವುದು ಗೊತ್ತಿತ್ತು. 2020ನೇ ಸಾಲಿನ ಸರಸ್ವತಿ ಸಮ್ಮಾನ ಅವರ 'ಸನಾತನ' ಕಾದಂಬರಿಗೆ ಬಂತು ಅನ್ನುವುದೂ ಪೇಪರಿನಲ್ಲಿ ಓದಿ ಗೊತ್ತಿತ್ತು. ಪುಸ್ತಕ ಮಾತ್ರ ಮುಟ್ಟಿರಲಿಲ್ಲ. ಆ ಮರಾಠಿ ಗುರುಗಳು ನಮ್ಮ ಭಾಷೆಯ ಕಾದಂಬರಿಗಳನ್ನ ಅನುವಾದದಲ್ಲಾದರೂ ಹುಡುಕಿ ಓದಿದ್ದಾರೆ. ನಾನು ನನ್ನ ತಾಲ್ಲೂಕಿನದೇ ಪುಸ್ತಕ ಓದಿಲ್ಲ. ಊಟ ಮುಗಿಯುವವರೆಗೂ ಅವರು ಆ ಪುಸ್ತಕದ ಬಗ್ಗೆ ಮುಂದೆ ಏನು ಕೇಳುತ್ತಾರೋ ಅಂತ ಹೆದರಿಕೆ. ಪುಣ್ಯಕ್ಕೆ ಕೇಳಲಿಲ್ಲ.

ಹೀಗಾಗಿ ಈ ಬೇಸಿಗೆ ರಜೆಯಲ್ಲಿ ಒಂದು ನಿರ್ಧಾರ ಮಾಡಿದೆ. ಓದದೆ ಹೊಗಳಿದ ಪುಸ್ತಕಗಳು, ಅರ್ಧಕ್ಕೆ ಬಿಟ್ಟ ಪುಸ್ತಕಗಳು, ಎಂದೋ ಓದಿ ಮರೆತವು, ಇವನ್ನೆಲ್ಲ ಕೂತು ಓದಬೇಕು, ಅನಿಸಿದ್ದನ್ನ ಮುಚ್ಚುಮರೆ ಇಲ್ಲದೆ ಬರೆಯಬೇಕು. ನಾನೇನು ವಿಮರ್ಶಕ ಅಲ್ಲ. ನಮ್ಮ ಮಕ್ಕಳ ಕೈಗೆ ಯಾವುದನ್ನ ಕೊಡಬಹುದು ಅನ್ನುವುದಷ್ಟೇ ನನ್ನ ಚಿಂತೆ. ಅಕ್ಕರಮಾಶಿಯ ಮಾತು ಕೊನೆಗೆ ಹೇಳ್ತೀನಿ, ಯಾಕಂದರೆ ಅದೇ ನನಗೆ ಹೆಚ್ಚು ಕಷ್ಟ ಕೊಟ್ಟಿದ್ದು.

ಅದಕ್ಕೂ ಮೊದಲು ನಮ್ಮ ಶಾಲೆಯ ಕಪಾಟಿನ ಬಗ್ಗೆ ಎರಡು ಮಾತು. ಗಡಿನಾಡ ಕನ್ನಡ ಶಾಲೆ ಅಂದರೆ ಆಗಾಗ ಯಾರಾದರೂ ಅಭಿಮಾನದಿಂದ ಪುಸ್ತಕದ ಕಟ್ಟು ಕಳಿಸುತ್ತಾರೆ. ಅವರ ಪ್ರೀತಿಗೆ ಕೈಮುಗಿಯುತ್ತೇನೆ. ಆದರೆ ಕಟ್ಟು ಬಿಚ್ಚಿದರೆ ಏನಿರುತ್ತದೆ? ಮಾರಾಟವಾಗದ ಅಭಿನಂದನ ಗ್ರಂಥಗಳು, ಹಳೆಯ ಸಿಲಬಸ್ಸಿನ ಗೈಡುಗಳು, ಒಂದೇ ಕವನ ಸಂಕಲನದ ಮೂವತ್ತು ಪ್ರತಿಗಳು. ಮಕ್ಕಳು ಒಮ್ಮೆ ಕಪಾಟು ತೆಗೆದು ನೋಡಿ ಮತ್ತೆ ಆ ಕಡೆ ಸುಳಿಯುವುದಿಲ್ಲ. ಮರಾಠಿ ಮಕ್ಕಳಿಗೆ ಬಾಲಭಾರತಿಯವರ 'ಕಿಶೋರ' ಮಾಸಿಕ 1971ರಿಂದ ಬರುತ್ತಿದೆ, ನಮ್ಮ ಮಕ್ಕಳೂ ಸಿಕ್ಕಾಗ ಅದನ್ನೇ ಓದುತ್ತಾರೆ. ಓದಲಿ, ಸಂತೋಷವೇ. ಆದರೆ ಕನ್ನಡದಲ್ಲಿ ಓದಲು ಏನು ಕೊಟ್ಟಿರಿ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಬೇಕಲ್ಲ.

ಕರ್ವಾಲೊ

ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ ಬಂದಿದ್ದು 1980ರಲ್ಲಿ. ನಾನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದ್ದೆ. ಈಗ ಮತ್ತೆ ಓದುವಾಗ ನನ್ನ ಅನುಮಾನ ಒಂದೇ: ಮೂಡಿಗೆರೆಯ ಕಾಡು, ಏಲಕ್ಕಿ, ಜೇನು, ಜಿಗಣೆ... ತೊಗರಿ ಮತ್ತು ಜೋಳದ ಹೊಲ ಬಿಟ್ಟು ಬೇರೆ ಕಾಣದ ನಮ್ಮ ಹುಡುಗರಿಗೆ ಇದು ಹತ್ತುತ್ತದೆಯೇ?

ಶಾಲೆ ಶುರುವಾದ ಮೇಲೆ ಒಂಬತ್ತನೇ ಇಯತ್ತೆಗೆ ದಿನಾ ಹತ್ತು ನಿಮಿಷ ಓದಿ ಹೇಳಿದೆ. ಮೊದಲ ಎರಡು ದಿನ ಆಕಳಿಕೆ. ಒಬ್ಬ ಹುಡುಗ "ಅಲ್ಲಿ ಖರೇನ ಅಷ್ಟು ಮಳಿ ಬೀಳ್ತದೇನ್ರಿ ಸರ್?" ಅಂತ ಕೇಳಿದ, ಸುಳ್ಳು ಹೇಳ್ತಿದ್ದೀರಿ ಅನ್ನುವ ಧಾಟಿಯಲ್ಲಿ. ಆದರೆ ಮಂದಣ್ಣ ಬಂದ ಮೇಲೆ ಲೆಕ್ಕ ಬದಲಾಯಿತು. ಊರವರೆಲ್ಲ ಹುಂಬ ಅಂದುಕೊಂಡ ಹುಡುಗ, ಒಂದು ಸಣ್ಣ ನೌಕರಿ ಸಿಕ್ಕರೆ ಮದುವೆಯಾದರೂ ಆದೀತು ಅಂತ ಕಾಯುವವನು. ಆದರೆ ಕಾಡಿನಲ್ಲಿ ಅವನ ಕಣ್ಣಿಗೆ ಬೀಳದ್ದೇ ಇಲ್ಲ, ದೊಡ್ಡ ವಿಜ್ಞಾನಿ ಕರ್ವಾಲೊ ಕೂಡ ಅವನನ್ನ ನಂಬಿ ಹಾರುವ ಓತಿ ಹುಡುಕಲು ಹೊರಡುತ್ತಾರೆ. ನನ್ನ ಹಿಂದಿನ ಬೆಂಚಿನವರೆಲ್ಲ ಕಿವಿ ನೆಟ್ಟಗೆ ಮಾಡಿ ಕೂತರು.

ನನ್ನ ಅಭಿಪ್ರಾಯ: ಶುರು ನಿಧಾನ, ನಡುವಿನ ಕೋರ್ಟು ಕೇಸಿನ ಭಾಗ ಮಕ್ಕಳಿಗೆ ಬೇಡ, ಅದನ್ನ ಬಿಟ್ಟು ಓದಿ. ಉಳಿದಿದ್ದು ಬಂಗಾರ. ನಮ್ಮ ಸೀಮೆಯ ಪುಸ್ತಕವೇ ಇರಬೇಕು ಅಂತ ಹಠ ಹಿಡಿದಿದ್ದ ನನಗೆ ಇದು ಒಂದು ಪಾಠ. ಊರು ಬೇರೆಯಾದರೂ ಹುಡುಗ ನಮ್ಮವನಿದ್ದರೆ ಸಾಕು.

ಬದುಕು

ಗೀತಾ ನಾಗಭೂಷಣ ಅವರ ಈ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲಬುರಗಿ ಸೀಮೆಯ ಬಡವರ ಕೇರಿ, ಅಲ್ಲಿನ ಹೆಣ್ಣುಮಕ್ಕಳು, ಕೂಲಿ, ಜಗಳ, ಹಬ್ಬ. ಸೋಲಾಪುರದಿಂದ ಕಲಬುರಗಿ ರೈಲಿನಲ್ಲಿ ಎರಡು ತಾಸಿನ ದಾರಿ, ಭಾಷೆಯಲ್ಲಂತೂ ಆ ಎರಡು ತಾಸೂ ಇಲ್ಲ.

ಇದನ್ನ ನಾನು ಹಿಂದೆ ಅರ್ಧಕ್ಕೆ ಬಿಟ್ಟಿದ್ದೆ, ಈ ಸಲವೂ ನಡುವೆ ಬೇಸರ ಬಂತು ಅಂತ ಒಪ್ಪಿಕೊಳ್ಳಬೇಕು. ಪಾತ್ರಗಳು ಬಹಳ, ಕಷ್ಟದ ಮೇಲೆ ಕಷ್ಟ, ಒಂದೊಂದು ಕಡೆ ನೂರು ಪುಟ ಕಡಿಮೆ ಮಾಡಿದ್ದರೆ ಏನಾಗುತ್ತಿತ್ತು ಅನಿಸಿತು. ಆದರೂ ಇದು ನಮ್ಮ ಶಾಲೆಗಳಿಗೆ ಯಾಕೆ ಬೇಕು ಅಂದರೆ, ಆ ಭಾಷೆ! ನಮ್ಮ ಶಾಲೆಯ ಗೇಟಿನ ಹತ್ತಿರ ತಾಯಂದಿರು ಮಾತಾಡುವ ಕನ್ನಡ ಅದು. ನಮ್ಮ ಮಕ್ಕಳಿಗೆ ಒಂದು ತಿಳುವಳಿಕೆ ಇದೆ, ತಾವು ಮಾತಾಡುವುದು ಕೆಟ್ಟ ಕನ್ನಡ, ಬೆಂಗಳೂರಿನವರದು ಶುದ್ಧ ಕನ್ನಡ ಅಂತ. ಆ ತಿಳುವಳಿಕೆ ಕೊಟ್ಟವರು ನಾವೇ ಮಾಸ್ತರರು, ವಹಿಯಲ್ಲಿ 'ಅದ' ಅಂತ ಬರೆದರೆ ಕೆಂಪು ಪೆನ್ನಿನಲ್ಲಿ ಹೊಡೆದು 'ಇದೆ' ಅಂತ ಬರೆದವರು. ಪ್ರಶಸ್ತಿ ಬಂದ ಪುಸ್ತಕದಲ್ಲಿ ತಮ್ಮ ಅವ್ವನ ಮಾತು ಅಚ್ಚಾಗಿರುವುದನ್ನ ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ. ಪೂರ್ತಿ ಓದದಿದ್ದರೂ ನಡೆಯುತ್ತದೆ. ಹತ್ತು ಪುಟ ಸಾಕು.

ಬಾನು ಮುಷ್ತಾಕ್ ಅವರ ಕತೆಗಳು

2025ರ ಮೇ ತಿಂಗಳಲ್ಲಿ ಇವರ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಶಾಲೆಯಲ್ಲೂ ಫಲಕದ ಮೇಲೆ ಬರೆದು ಹಾಕಿದೆವು. ಕನ್ನಡದಿಂದ ಇಂಗ್ಲಿಷಿಗೆ ಮಾಡಿದವರು ದೀಪಾ ಭಾಸ್ತಿ. ಹನ್ನೆರಡು ಕತೆಗಳು. ಹೊಗಳಿದ್ದಾಯಿತು, ಚಪ್ಪಾಳೆ ಆಯಿತು. ಓದಿದವರು ಎಷ್ಟು ಜನ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರೆ ಎಲ್ಲರೂ ಚಹಾ ಕಪ್ಪಿನೊಳಗೆ ನೋಡತೊಡಗಿದರು. ನಾನೂ ಸೇರಿ.

ಈಗ ಕನ್ನಡದಲ್ಲೇ ಕತೆಗಳನ್ನ ಓದಿದೆ. 'ಕರಿ ನಾಗರಗಳು' ಓದಿ ರಾತ್ರಿ ನಿದ್ದೆ ಬರಲಿಲ್ಲ. ಗಂಡ ಬಿಟ್ಟ ಹೆಣ್ಣುಮಗಳು ನ್ಯಾಯ ಕೇಳಿಕೊಂಡು ಮಸೀದಿಯ ಮುತವಲ್ಲಿಯ ಬಳಿ ಹೋಗುವ ಕತೆ. ಇದನ್ನೇ ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಅಂತ ಸಿನೆಮಾ ಮಾಡಿದರು. 'ಎದೆಯ ಹಣತೆ'ಯಲ್ಲಿ ಸಾಯಲು ಹೊರಟ ತಾಯಿಯನ್ನ ಮಗಳು ತಡೆಯುವ ಜಾಗ ಬಂದಾಗ ಪುಸ್ತಕ ಮಡಚಿ ಹೊರಗೆ ಅಂಗಳದಲ್ಲಿ ನಿಂತು ಬಂದೆ. ಎಲ್ಲ ಕತೆಗಳೂ ಹೀಗಿಲ್ಲ. ಕೆಲವು ಕಡೆ ಲೇಖಕಿಗಿಂತ ವಕೀಲರೇ ಮುಂದೆ ಬಂದು ವಾದ ಮಾಡಿದ ಹಾಗೆ ಕಾಣುತ್ತದೆ. ಬೂಕರ್ ಬಂದಿದೆ ಅಂತ ಇದನ್ನ ಹೇಳದೆ ಇರುವುದು ಸರಿಯಲ್ಲ.

ಆದರೆ ನಮ್ಮ ಶಾಲೆಯಲ್ಲಿ ಮನೆಯಲ್ಲಿ ದಖನಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಹುಡುಗಿಯರಿದ್ದಾರೆ. ಅವರಲ್ಲೊಬ್ಬಳು ಪುಸ್ತಕ ತಿರುವಿ ಹಾಕಿ, "ಸರ್, ಕನ್ನಡ ಪುಸ್ತಕದಾಗ ನಮ್ಮನಿ ಮಾತೂ ಬರಬಹುದೇನ್ರಿ?" ಅಂದಳು. ಒಂಬತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿ ಕೇಳಿದ ಪ್ರಶ್ನೆ ಇದು. ಇಷ್ಟು ವರ್ಷ ನಾವು ಅವಳಿಗೆ ಏನು ಓದಿಸಿದೆವು ಅಂತ ನೀವೇ ವಿಚಾರ ಮಾಡಿ.

ಸಿದ್ಧರಾಮನ ಪುಸ್ತಕಗಳು

ಸೋಲಾಪುರದವರಾಗಿ ಸಿದ್ಧರಾಮೇಶ್ವರನನ್ನ ಬಿಟ್ಟು ಹೇಗೆ ಹೋಗುವುದು? ಸಂಕ್ರಾಂತಿಯ ಗಡ್ಡೆಯ ಜಾತ್ರೆ, ಏಳು ನಂದಿಕೋಲು, ಕೆರೆಯ ನಡುವಿನ ಗುಡಿ. ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಆ ಸಿದ್ಧರಾಮ ಕನ್ನಡದಲ್ಲಿ ವಚನ ಬರೆದ, 'ಕಪಿಲಸಿದ್ಧಮಲ್ಲಿಕಾರ್ಜುನ' ಅನ್ನುವುದು ಅವನ ಅಂಕಿತ ಅಂತ ಹೇಳಿದರೆ ಸೋಲಾಪುರ ಪೇಟೆಯಲ್ಲಿ ಇವತ್ತು ಎಷ್ಟು ಜನ ಹೌದು ಅಂದಾರು?

ರಾಘವಾಂಕನ 'ಸಿದ್ಧರಾಮ ಚಾರಿತ್ರ' ತೆಗೆದುಕೊಂಡು ಕೂತೆ. ಸೊನ್ನಲಿಗೆ ಅಂದರೆ ನಮ್ಮ ಸೋಲಾಪುರದ ಮೇಲೆ ಎಂಟು ನೂರು ವರ್ಷದ ಹಿಂದೆ ಷಟ್ಪದಿಯಲ್ಲಿ ಬರೆದ ಕಾವ್ಯ. ನಿಜ ಹೇಳಬೇಕೆಂದರೆ, ಕನ್ನಡ ಎಂ.ಎ. ಮಾಡಿದ ನನಗೇ ಟಿಪ್ಪಣಿ ಇಲ್ಲದೆ ಸಾಗಲಿಲ್ಲ. ಮಕ್ಕಳಿಗೆ ಕೊಡಲು ಬರುವುದಿಲ್ಲ. ಯಾರಾದರೂ ಇದನ್ನ ಐವತ್ತು ಪುಟದ ಸರಳ ಗದ್ಯದಲ್ಲಿ, ಚಿತ್ರಗಳ ಸಮೇತ, ನಮ್ಮ ಶಾಲೆಗಳಿಗಾಗಿ ಬರೆಯಬೇಕು.

ಜಯದೇವಿತಾಯಿ ಲಿಗಾಡೆಯವರ ಸಿದ್ಧರಾಮೇಶ್ವರ ಪುರಾಣ ಇದಕ್ಕಿಂತ ಹತ್ತಿರದ್ದು. ತಾಯಿಯವರು 1912ರಲ್ಲಿ ಸೋಲಾಪುರದಲ್ಲೇ ಹುಟ್ಟಿದವರು. ಶಾಲೆ ಕಲಿತದ್ದು ಮರಾಠಿಯಲ್ಲಿ, ಕನ್ನಡವನ್ನ ಆಮೇಲೆ ತಾವಾಗಿಯೇ ಕಲಿತರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಮಹಿಳೆ. ಪುರಾಣ ಬರೆದಿದ್ದು ತ್ರಿಪದಿಯಲ್ಲಿ, ನಮ್ಮ ಅಜ್ಜಿಯಂದಿರು ಬೀಸುವಾಗ ಹಾಡುತ್ತಿದ್ದ ಮಟ್ಟು. ಕೂತು ಒಂದೇ ಸಮನೆ ಓದಿದರೆ ದಣಿವಾಗುತ್ತದೆ, ನನಗೂ ಆಯಿತು. ಅದು ಕಣ್ಣಿನಿಂದ ಓದುವ ಪುಸ್ತಕವೇ ಅಲ್ಲ. ದಿನಾ ಪ್ರಾರ್ಥನೆಯ ಹೊತ್ತಿನಲ್ಲಿ ಐದು ತ್ರಿಪದಿ ಹಾಡಿಸಿದರೆ ಮಕ್ಕಳು ತಾವೇ ಎತ್ತಿಕೊಳ್ಳುತ್ತಾರೆ. ನಮ್ಮಲ್ಲಿ ಶುರು ಮಾಡಿದ್ದೇವೆ. ಹುಡುಗರಿಗಿಂತ ಅಡುಗೆಯ ಬಾಯಿಯವರಿಗೆ ಹೆಚ್ಚು ಪಾಠವಾಗಿದೆ ಅನ್ನುವುದು ಬೇರೆ ಮಾತು!

ಗೌರ್ಮೆಂಟ್ ಬ್ರಾಹ್ಮಣ, ಆಮೇಲೆ ಅಕ್ಕರಮಾಶಿ

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂದ ಆತ್ಮಕತೆ. ಮುದ್ದೇಬಿಹಾಳದ ಕಡೆಯ ಬದುಕು. ಸಣ್ಣ ಸಣ್ಣ ಪ್ರಸಂಗಗಳು, ನಗಿಸುತ್ತಾ ನಗಿಸುತ್ತಾ ಒಮ್ಮೆಲೇ ಚುಚ್ಚುತ್ತವೆ. ಇದನ್ನ ನಾನು ಮೊದಲೇ ಓದಿದ್ದೆ, ಗೆಳೆಯರಿಗೂ ಓದಿ ಅಂತ ಹೇಳುತ್ತಿದ್ದೆ, ಭಾಷಣದಲ್ಲಿ ಉದಾಹರಣೆ ಕೊಡುತ್ತಿದ್ದೆ. ಈಗ ಯೋಚಿಸಿದರೆ ಅದು ನನಗೆ ಸುಲಭವಾಗಿತ್ತು. ಯಾಕಂದರೆ ಆ ಕೇರಿ ಮುದ್ದೇಬಿಹಾಳದ್ದು. ನನ್ನ ಊರಿನದಲ್ಲ.

ಅಕ್ಕರಮಾಶಿ ಹಾಗಲ್ಲ. 1984ರಲ್ಲಿ ಮರಾಠಿಯಲ್ಲಿ ಬಂದ ಈ ಪುಸ್ತಕದಲ್ಲಿ ಬರುವ ಹನ್ನೂರು, ಬಾಸಲೇಗಾಂವ ನಮ್ಮ ತಾಲ್ಲೂಕಿನ ಊರುಗಳು. ನಮ್ಮ ಮಕ್ಕಳು ಎಸ್.ಟಿ. ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುವ ಹೆಸರುಗಳು. ಹನ್ನೆರಡು ಮಾಷಕ್ಕೆ ಒಂದು ಮಾಷ ಕಡಿಮೆ ಬಿದ್ದ, ಕಲಬೆರಕೆಯ ಬಂಗಾರ ಅನ್ನುವ ಅರ್ಥದಿಂದ ಬಂದ ಬೈಗುಳ 'ಅಕ್ಕರಮಾಶಿ'. ತಾಯಿ ಮಹಾರ ಜಾತಿಯವಳು, ತಂದೆ ಲಿಂಗಾಯತ ಪಾಟೀಲ. ತಂದೆ ಮಗ ಅನ್ನಲಿಲ್ಲ, ಊರು ತನ್ನವನು ಅನ್ನಲಿಲ್ಲ. ಸಾಕಿದ್ದು ಅಜ್ಜಿ ಸಂತಾಮಾಯಿ, ಅವಳ ಜೊತೆಗಿದ್ದ ಮುಸಲ್ಮಾನ ದಾದಾ. ರಕ್ತ ಸಂಬಂಧವೇ ಇಲ್ಲದ ಆ ದಾದಾ ತೋರಿದ ಅಂತಃಕರಣದ ಬಗ್ಗೆ ಓದುವಾಗ ಕಣ್ಣು ಒದ್ದೆಯಾಗುತ್ತದೆ.

ಪುಸ್ತಕ ಮುಗಿಸಿದ ಮೇಲೆ ನನಗೆ ಬಂದ ಮೊದಲ ವಿಚಾರ ಏನು ಗೊತ್ತೇ? ಇದನ್ನ ಶಾಲೆಯ ಕಪಾಟಿನಲ್ಲಿ ಇಡುವುದು ಬೇಡ. ನನಗೆ ನಾನೇ ಕೊಟ್ಟುಕೊಂಡ ಕಾರಣ: ಭಾಷೆ ಖಡಕ್, ಮಕ್ಕಳು ಸಣ್ಣವರು. ಈ ಮಾತು ಸುಳ್ಳಲ್ಲ, ಕೆಲವು ಪುಟ ದೊಡ್ಡವರಿಗೇ ಓದಲು ಕಷ್ಟ. ಆದರೆ ನಿಜವಾದ ಕಾರಣ ಅದಲ್ಲ. ನಾವು ಬಸವ ಜಯಂತಿಗೆ ಮಕ್ಕಳಿಂದ ಸಮಾನತೆಯ ಭಾಷಣ ಮಾಡಿಸುವವರು. ಗಡಿನಾಡಿನಲ್ಲಿ ನಮಗೆ ಅನ್ಯಾಯವಾಗಿದೆ ಅಂತ ಎಲ್ಲ ವೇದಿಕೆಯಲ್ಲೂ ಹೇಳುವವರು. ನಮ್ಮದೇ ವಚನದ ಮನೆಗಳ ಅಂಗಳದಲ್ಲಿ ಇನ್ನೊಬ್ಬರಿಗೆ ಆದ ಅನ್ಯಾಯ ನಮ್ಮದೇ ಊರಿನ ಹೆಸರು ಹೊತ್ತು ಬಂದಾಗ ಬಾಯಿ ಕಟ್ಟುತ್ತದೆ. ಪಾಲಕರು ಏನಂದಾರು, ಸಂಸ್ಥೆಯವರು ಏನಂದಾರು ಅನ್ನುವ ಹೆದರಿಕೆ. ಪುಸ್ತಕವನ್ನ ನನ್ನ ಟೇಬಲ್ಲಿನ ಖಾನೆಯಲ್ಲಿ ಹಾಜರಿ ಪುಸ್ತಕದ ಕೆಳಗೆ ಇಟ್ಟೆ.

ಜುಲೈನಲ್ಲಿ ಒಬ್ಬ ಹುಡುಗ ಬಂದ. ಹೆಚ್ಚು ಮಾತಾಡದ ಹುಡುಗ. "ಸರ್, ಅಕ್ಕರಮಾಶಿ ನಿಮ್ಮ ಹತ್ರ ಅದಂತಲ್ರಿ. ನಮ್ಮ ಕಾಕಾ ಹೇಳಿದ್ರು, ಓದು ಅಂತ." ನಾನು "ನೋಡೋಣ, ನಾಳಿ ಕೊಡ್ತೀನಿ" ಅಂದೆ. ಮರುದಿನವೂ ನಾಳಿ ಅಂದೆ. ಮೂರನೇ ದಿನ ಅವನು ಕೇಳಲಿಲ್ಲ. ಕೇಳದಿದ್ದುದೇ ನನ್ನನ್ನ ಕೊರೆಯಿತು.

ಆ ಪುಸ್ತಕದ ಆರಂಭದಲ್ಲೇ ಒಂದು ಶಾಲೆಯ ಸಹಲಿನ ಪ್ರಸಂಗವಿದೆ. ಮೇಲಿನ ಜಾತಿಯ ಮಕ್ಕಳು ಒಂದು ಕಡೆ ಊಟಕ್ಕೆ ಕೂತರೆ ಮಹಾರ ಮಕ್ಕಳು ಇನ್ನೊಂದು ಕಡೆ. ಉಳಿದ ಅನ್ನ ಕೊನೆಗೆ ಇವರಿಗೆ. ಮನೆಗೆ ಬಂದು ಹೇಳಿದರೆ ತಾಯಿ ಕೇಳುವುದು, ನನಗೆ ಸ್ವಲ್ಪ ಯಾಕೆ ತರಲಿಲ್ಲ ಅಂತ. ಆಮೇಲೆ ಶಾಲೆಯಲ್ಲಿ ಗುರುಗಳು ಹೇಳುತ್ತಾರೆ, ಸಹಲಿನ ಮೇಲೆ ನಿಬಂಧ ಬರೆಯಿರಿ.

ಗೆಳೆಯರೆ, ನಾನು ಹತ್ತೊಂಬತ್ತು ವರ್ಷಗಳಿಂದ ಪ್ರತಿ ಸಹಲಿನ ಮರುದಿನ ಕೊಟ್ಟ ನಿಬಂಧ ಅದೇ. 'ನಮ್ಮ ಶಾಲಾ ಸಹಲು.' ಚೆನ್ನಾಗಿ ಬರೆದವರಿಗೆ ಹತ್ತಕ್ಕೆ ಎಂಟು. ಎರಡು ಸಾಲು ಬರೆದು ಸುಮ್ಮನೆ ಕೂತವರಿಗೆ ಬೈಗುಳ. ಅವರು ಯಾಕೆ ಸುಮ್ಮನೆ ಕೂತರು ಅಂತ ಒಂದು ದಿನವೂ ಕೇಳಲಿಲ್ಲ. ಯಾರ ಡಬ್ಬಿಯಲ್ಲಿ ಏನಿತ್ತು, ಯಾರು ಡಬ್ಬಿಯನ್ನೇ ತಂದಿರಲಿಲ್ಲ ಅನ್ನುವುದನ್ನ ನೋಡಿದ್ದರೂ ನೋಡದವನ ಹಾಗೆ ಇದ್ದೆ.

ಮರುದಿನ ಆ ಹುಡುಗನನ್ನ ಕರೆದು ಪುಸ್ತಕ ಕೊಟ್ಟೆ. "ಕಷ್ಟದ ಪುಟ ಅದಾವ, ತ್ರಾಸ ಆದ್ರ ಕಾಕಾಗ ಕೇಳು, ಇಲ್ಲ ನನಗ ಕೇಳು" ಅಂತ ಹೇಳಿದೆ. ಸಹಲಿನ ಆ ಪ್ರಸಂಗವನ್ನ ವರ್ಗದಲ್ಲಿ ಕನ್ನಡದಲ್ಲಿ ಹೇಳಿದೆ. ಯಾರೂ ಮಿಸುಕಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು: "ನಿಬಂಧ ಬರೀ ಅಂದದ್ದು ಮಾಸ್ತರ್ರ ತಪ್ಪಲ್ರಿ ಸರ್?" ನಾನು ಹೌದು ಅಂದೆ. ಯಾವ ಮಾಸ್ತರರು ಅಂತ ಹೇಳಲು ಮಾತ್ರ ಅವತ್ತು ಧೈರ್ಯ ಬರಲಿಲ್ಲ. ಇಲ್ಲಿ ಬರೆದಿದ್ದೇನೆ.

ಇದು ಪರಿಪೂರ್ಣ ಪುಸ್ತಕ ಅಂತ ಹೇಳುವುದಿಲ್ಲ. ಪ್ರಸಂಗಗಳು ಹಿಂದೆ ಮುಂದೆ ಆಗುತ್ತವೆ, ಸಿಟ್ಟಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆ ಸಿಟ್ಟಿಗೆ ಉತ್ತರ ಕೊಟ್ಟವರು ಯಾರೂ ಇಲ್ಲವಾದ್ದರಿಂದ ಮತ್ತೆ ಕೇಳುವುದೂ ಸಹಜವೇ. ನಮಗೆ ಮರಾಠಿ ಬರುತ್ತದೆ, ಮೂಲದಲ್ಲೇ ಓದಬಹುದು. ಗಡಿಯಲ್ಲಿ ಹುಟ್ಟಿದ್ದಕ್ಕೆ ನಮಗೆ ಸಿಕ್ಕ ಲಾಭ ಇದು. ಮರಾಠಿ ಓದಿದರೆ ಕನ್ನಡಾಭಿಮಾನ ಕಡಿಮೆಯಾಗುತ್ತದೆ ಅನ್ನುವವರಿಗೆ ಮರಾಠಿ ಶಾಲೆ ಕಲಿತ ಜಯದೇವಿತಾಯಿಯವರನ್ನ ತೋರಿಸಿ.

ಒಟ್ಟಿನಲ್ಲಿ ನಾನು ಹೇಳುವುದು ಇಷ್ಟೇ. ಕನ್ನಡ ಶಾಲೆ ಉಳಿಯಬೇಕು ಅಂತ ನಾವೆಲ್ಲ ಹೇಳುತ್ತೇವೆ, ಮಕ್ಕಳ ಸಂಖ್ಯೆಯ ಚಿಂತೆ ಎಲ್ಲರಿಗೂ ಇದೆ. ಮಗು ತನ್ನ ಭಾಷೆಯನ್ನ ಹಿಡಿದುಕೊಳ್ಳುವುದು ಘೋಷಣೆಯಿಂದ ಅಲ್ಲ. ತನ್ನ ಮನೆಯ ಮಾತು, ತನ್ನ ಕೇರಿಯ ಸುಖ ದುಃಖ ಈ ಭಾಷೆಯ ವರ್ಗದಲ್ಲಿ ಹೇಳಲು ಬರುತ್ತದೆ ಅನ್ನುವ ಧೈರ್ಯ ಬಂದಾಗ. ಆ ಧೈರ್ಯ ಮಕ್ಕಳಿಗೆ ಬರಬೇಕಾದರೆ ಮೊದಲು ಮಾಸ್ತರರು ಓದಬೇಕು. ಓದದ್ದನ್ನ ಓದಿಲ್ಲ ಅನ್ನಬೇಕು. ಬೇಸರ ಬಂದದ್ದನ್ನ ಬೇಸರ ಬಂತು ಅನ್ನಬೇಕು.

ಕಳೆದ ವಾರ ಆ ಮರಾಠಿ ಗುರುಗಳಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಗಟ್ಟಿಯಾಗಿ ನಕ್ಕು, "ಸರ್, ಅವತ್ತೇ ಗೊತ್ತಾಗಿತ್ತು. ಓದಿದವರು ಅಷ್ಟು ಬೇಗ ಹೌದು ಅನ್ನುವುದಿಲ್ಲ" ಅಂದರು. ಪರ್ವ ಎರಡು ಸಲ ಓದಿದ್ದು ಮಾತ್ರ ಖರೆ ಅಂತೆ!

ನಿಮ್ಮ ಶಾಲೆಯ ಕಪಾಟಿನಲ್ಲಿ ಯಾವ ಪುಸ್ತಕ ಇದೆ, ಯಾವುದು ಟೇಬಲ್ಲಿನ ಖಾನೆಯಲ್ಲಿ ಇದೆ? ಬರೆದು ತಿಳಿಸಿ. ಹುಡುಗ ಇನ್ನೂ ಪುಸ್ತಕ ಮರಳಿ ಕೊಟ್ಟಿಲ್ಲ. ಅವನ ವರ್ಗದ ನಾಲ್ಕನೆಯವರ ಕೈಗೆ ಹೋಗಿದೆ ಅಂತ ಸುದ್ದಿ. ನಾನೂ ಕೇಳಿಲ್ಲ.